ಸಾಕವ್ವ, ಐವತ್ಮೂರು ಕಿಲೋ

ಜತ್ತ ಕಾಲೇಜಿನ ಹಾಲಿನಾಗ, ನೀರಿನ ಟಾಕಿ ಬಾಜೂಕ
ನನ್ನ ಹಲಗಿ. ದಿನಕ್ಕ ನಾನೂರು ರೂಪಾಯಿ, ಎರಡು ಚಾ.
ದೇಶದ ಕಾಲೇಜುಗಳೆಲ್ಲ ಬಂದು ಇಲ್ಲಿ ಬೀಳ್ತಾವ, ಏಳ್ತಾವ;
ಬಿದ್ದವರ ಹೆಸರ ಮ್ಯಾಲ ಗೆರಿ ಎಳಿಯೂದು ನನ್ನ ಕೆಲಸ.
ಚೀಟಿ ಮರಾಠಿಯೊಳಗ ಬರ್ತದ, ಮರಾಠಿಯೊಳಗ ಬರೀತೀನಿ,
ಕೂಡಿಸೂದು ಕಳಿಯೂದು ಮಾತ್ರ
ಇನ್ನೂ ಕನ್ನಡದಾಗ: ಎರಡೆರಡ್ಲೆ ನಾಕು.

ನಾನೂ ಒಂದು ಕಾಲಕ್ಕ ಮಣ್ಣಿನ ಪೈಲ್ವಾನ.
ಎಣ್ಣಿ, ಮಜ್ಜಿಗಿ, ಅರಿಷಿಣ ಕುಡಿದ ಆ ಕೆಂಪು ಮಣ್ಣು
ಬಿದ್ದವನ ಬೆನ್ನಿಗೆ ಹತ್ತಿಕೊಂಡು
ಮನಿತನಕ ಹೋಗಿ ಸಾಕ್ಷಿ ಹೇಳತಿತ್ತು.
ಈ ಮ್ಯಾಟು ಏನೂ ಹೇಳೂದಿಲ್ಲ. ಒರಸತಾರ, ಮುಗೀತು.

ಕರಜಗಿ ಹುಡುಗಿ ಸಾಕವ್ವ.
ನಾಕು ಹೆಣ್ಣಿನ ಮ್ಯಾಲ ಐದನೇದು, ಅದಕ್ಕ ಆ ಹೆಸರು.
ಚೀಟಿಯಾಗ ‘ಸಕ್ವಾ’ ಅಂತ ಬಂದಿತ್ತು, ಯಾರನ್ನೂ ಕೇಳದ ತಿದ್ದಿದೆ.
ಮುಂಜಾನೆ ತಕ್ಕಡಿ ಎರಡು ನೂರು ಗ್ರಾಂ ಹೆಚ್ಚು ತೋರಿಸಿತ್ತು;
ಅಣ್ಣನ ರೇನಕೋಟು ತೊಟ್ಟು ಬಸ್‌ಸ್ಟ್ಯಾಂಡಿಗೆ ಮೂರು ಸುತ್ತು ಓಡಿ
ಆ ಎರಡು ನೂರು ಗ್ರಾಂ ಡಾಂಬರಿಗೆ ಬಿಟ್ಟು ಬಂದಾಳ.

ಮೊದಲನೇ ಸುತ್ತು. ಎದುರಿಗೆ ಭಿವಾನಿಯ ಧಾಪಾ.
ಕಾಲು ಹಿಡದು ಎತ್ತಿದ್ದು ಕಂಡಿತು, ಒಗದದ್ದು ಕಾಣಲಿಲ್ಲ.
ಒಂದು ನಿಮಿಷ ಹನ್ನೊಂದು ಸೆಕೆಂಡ್. ಚಿತ್.
ಗೆರಿ ಎಳದೆ. ಸೀಮೆಸುಣ್ಣ ಮುರೀತು.
“ಕಾಕಾ, ತುಸು ತೆಳ್ಳಗ ಎಳೀಬೇಕಿತ್ತು,” ಅಂದಳು ಹಿಂದ ನಿಂತು.

ಕಾಯಿದೆ ಹೇಳಿದೆ: ನಿನ್ನ ಕೆಡವಿದಾಕಿ ಫೈನಲ್ ಮುಟ್ಟಿದರ
ಅಕಿ ಕೈಯಾಗ ಬಿದ್ದವರಿಗೆಲ್ಲ ಇನ್ನೊಂದು ಬಾಗಲಾ ತೆರೀತದ.
ಅದಕ್ಕೊಂದು ಹೆಸರೈತಿ, ನನ್ನ ನಾಲಿಗಿ ಹೊರಳೂದಿಲ್ಲ.
ಹಲಗಿ ಮ್ಯಾಲ ಬರೀ ಬಾಣದ ಗುರ್ತು ಹಾಕ್ತೀನಿ,
ಕೆಳಗಿಂದ ಮ್ಯಾಲಕ.

ಆಮ್ಯಾಲೆ ಇಡೀ ದಿನ
ತನ್ನ ಬೆನ್ನು ನೆಲಕ್ಕ ಹಚ್ಚಿದಾಕಿಯ
ಬೆನ್ನು ನೆಲಕ್ಕ ಹತ್ತದಿರಲಿ ಅಂತ
ಸಾಕವ್ವ ಕಟ್ಟಿ ಮ್ಯಾಲ ಕುಂತು ಹರಕಿ ಹೊತ್ತಳು.
ಬೈಗುಳ ಬಾಯಿತನಕ ಬಂದು ಹೊಳ್ಳತಿತ್ತು:
“ನಿನ್ನ ಕೈ ಸೇದ... ಹಿಡಿ! ಬಲಗಾಲು ಹಿಡಿಯವ್ವ!”
ಪುಣೆಯಾಕಿ ಬಿದ್ದಳು.
ಕಾಕಾ, ಗೆದ್ದಳಾ? ಗೆದ್ದಳು.
ಇಂಫಾಲದಾಕಿ ಬಿದ್ದಳು.
ಕಾಕಾ? ಹೂಂ. ಹೋಗು, ಕಿವಿಗೆ ಪಟ್ಟಿ ಕಟ್ಟಿಕೊ.

ಪುಣೆಯಾಕಿನ್ನ ಸಾಕವ್ವ ಚಿತ್ ಮಾಡಿದಳು, ಎರಡನೇ ನಿಮಿಷಕ್ಕ.
ಕಂಚಿಗೆ ಒಂದೇ ಕುಸ್ತಿ ಬಾಕಿ. ನಾಕಕ್ಕ ಎರಡು, ಮುಂದ ಇದ್ದಳು.
ಗಡಿಯಾರದಾಗ ಆರು ಸೆಕೆಂಡ್ ಇದ್ದಾಗ
ಇಂಫಾಲದ ಆ ಸಣ್ಣ ಹುಡುಗಿ ಬಗ್ಗಿ, ಬಗಲಾಗ ತೂರಿ, ಹಿಂದ ಹೋದಳು.
ಇಪ್ಪತ್ತು ವರ್ಷ ಮಣ್ಣಾಗ ಹೊರಳಿದ ನನಗೂ
ಆ ಪಟ್ಟಿನ ಹೆಸರು ಗೊತ್ತಿಲ್ಲ.
ನಾಕು ನಾಕು. ಕಡೀಕ ಗುಣ ಯಾರದೋ ಕುಸ್ತಿ ಅವರದು.
ಸಾಕವ್ವ, ಐದನೇ ನಂಬರ.
ಮನಿಯಾಗೂ ಐದು, ಇಲ್ಲೂ ಐದು.

ಗಂಟು ಕಟ್ಟಿಕೊಂಡು ಉಮದಿ ಬಸ್ಸು ಹತ್ತಬಹುದಿತ್ತು.
ಹತ್ತಲಿಲ್ಲ. ಧಾಪಾನ ಫೈನಲ್ಲಿಗೆ
ಯಾವ ಬಾಗಲಾನೂ ಉಳಿಯದ ಅದೇ ಕಟ್ಟಿ ಮ್ಯಾಲ ನಿಂತು
ಪಂಚರೂ ತಿರುಗಿ ನೋಡೂಹಂಗ ಒದರಿದಳು.
ಧಾಪಾ ಸೋತಳು, ಏಳಕ್ಕ ಐದು.
ಆ ಗೆರಿ ನಾ ತೆಳ್ಳಗ ಎಳದೆ.

ಸಂಜೀಕ ನಳದ ಬುಡಕ ಇಬ್ಬರೂ ಮಾರಿ ತೊಳಕೋತಿದ್ದರು.
“ಸಾಕವ್ವ ಮತಲಬ್?” ಕೇಳಿದಳು ಅಕಿ.
ಇಕಿಗೆ ಹಿಂದಿ ಸಾಲಲಿಲ್ಲ. ಬಡಸಾಕ ಬಂದವರಿಗೆ
ತಾಟಿನ ಮ್ಯಾಲ ಕೈ ಅಡ್ಡ ಹಿಡೀತೀವಲ್ಲ, ಹಂಗ ಹಿಡದು ತೋರಿಸಿದಳು.
ಧಾಪಾ ನೀರು ಉಗುಳಿ ನಕ್ಕಳು. ತನ್ನ ಹೆಸರೂ ಅದೇ ಅಂತ,
ಅವರ ಕಡೆ ಮಾತಿನಾಗ. ತಾ ಆರನೇದಂತ.

ಸಾಕವ್ವ ಚೀಲ ಬಿಚ್ಚಿ ಮನಿಯ ಒಣದ್ರಾಕ್ಷಿ
ಅಕಿ ಬೊಗಸಿಗೆ ಸುರಿದಳು. “ಸಾಕಾ?”
ಕನ್ನಡ ಬಾರದ ಹುಡುಗಿ
ಬೊಗಸಿ ಹಿಂದ ತಗೀಲಿಲ್ಲ.